ಫಿಯಟ್ಟಿನ ಕುಂಕುಮ

ಶಹಾಬಜಾರ, ಕಲಬುರಗಿ
೨೭ ಜೂನ್ ೨೦೨೫

ಪ್ರೀತಿಯ ಅತುಲ್,

ಇದು ನನ್ನ ಜೀವನದ ಮೊಟ್ಟಮೊದಲ ಪತ್ರ! ಶಾಲೆಯಲ್ಲಿ ಬರೆದ ರಜಾ ಅರ್ಜಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವು ಇಂಗ್ಲಿಷಿನಲ್ಲಿದ್ದವು, ಮತ್ತು ಎಲ್ಲವೂ ಸುಳ್ಳು.

ಆಷಾಢದಲ್ಲಿ ಹೊಸ ಸೊಸೆ ತವರಿನಲ್ಲಿರಬೇಕು, ಗಂಡನ ಮುಖ ನೋಡಬಾರದು ಎಂಬುದನ್ನು ನಾನು ನಗುನಗುತ್ತಲೇ ಒಪ್ಪಿದ್ದೆ. ಆದರೆ ನಿಮ್ಮ ಅಜ್ಜಿ ಫೋನನ್ನೂ ಬಂದ್ ಮಾಡಿದರಲ್ಲ! "ಫೋನಿನ್ಯಾಗ ಮುಖ ಕಾಣಂಗಿಲ್ಲೇನು? ಬೇಕಾದ್ರ ಪತ್ರ ಬರೀರಿ. ನಾವೂ ಬರದೀವಿ, ಯಾರೂ ಸತ್ತಿಲ್ಲ" ಎಂದಾಗ ನೀವು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತದ್ದು ನನಗೆ ಮರೆತಿಲ್ಲ. ಇರಲಿ, ಕ್ಷಮಿಸಿದ್ದೇನೆ. ಮಹಾಗಾಂವದ ಮಾಪಣ್ಣನ ಟೆಂಪೋ ಎರಡೂ ಊರಿಗೆ ಓಡಾಡುತ್ತದೆ. ಅವನೇ ನಮ್ಮ ಪೋಸ್ಟ್‌ಮ್ಯಾನ್. ಪತ್ರ ಕೈಗೆ ತೆಗೆದುಕೊಳ್ಳುವಾಗ ಅವನಿಗೆ ನನಗಿಂತ ಹೆಚ್ಚು ನಾಚಿಕೆ.

ಈಗ ಗಂಭೀರ ವಿಷಯ. ಅಪ್ಪ ಫಿಯಟ್ಟಿಗೆ ಹಳೆಯ ಜಮಖಾನೆ ಹೊದಿಸಿಬಿಟ್ಟಿದ್ದಾರೆ. ಮೊದಲು ದಿನಾ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ನೇರ ಗಾಡಿಯ ಹತ್ತಿರ ಹೋಗಿ ಒರೆಸುತ್ತಿದ್ದವರು, ಈಗ ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ, ಜಗಳವಾಡಿದ ನೆಂಟರ ಮನೆ ಮುಂದೆ ಹಾದು ಹೋಗುವ ಹಾಗೆ. ಕಾರಣ ನಿಮಗೆ ಗೊತ್ತು. ಮೇ ತಿಂಗಳಲ್ಲಿ ಲಗ್ನ ಮುಗಿಸಿ ನಿಮ್ಮ ಊರಿಗೆ ನಮ್ಮ ಮೆರವಣಿಗೆಯಂಥ ಪ್ರಯಾಣ, ಅಪ್ಪ ತಾವೇ ಡ್ರೈವರ್, ಹಿಂದೆ ನಾವಿಬ್ಬರು, ಕಿಟಕಿ ಪಕ್ಕ ರೇಷ್ಮೆ ಸೀರೆಯಲ್ಲಿ ಅಜ್ಜಿ. ದಾರಿ ನಡುವೆ ಮಹಾಗಾಂವ ಕ್ರಾಸಿನಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಸೊಸೆ ಒಳಗೆ ಬರುವ ಮುನ್ನ ಆರತಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕಾದ ಅಜ್ಜಿ ಮಾಪಣ್ಣನ ಟೆಂಪೋದಲ್ಲಿ ತೊಗರಿ ಮೂಟೆಗಳ ಮೇಲೆ ಕೂತು ಮುಂದೆ ಹೋದರು. ಮುಹೂರ್ತವೂ ಮೀರಿತು. "ಆ ಡಬ್ಬಿ ಮತ್ತ ನನ್ನ ಅಂಗಳಾ ಏರಬಾರದು" ಎಂದು ಅವರು ಎಲ್ಲರೆದುರು ಹೇಳಿದ್ದು ಅಪ್ಪನಿಗೆ ಇನ್ನೂ ಕೇಳಿಸುತ್ತಿದೆ ಎಂದು ಕಾಣುತ್ತದೆ. ಪಂಚಮಿ ಹಬ್ಬ ಮುಗಿದ ಮೇಲೆ ನನ್ನನ್ನು ಬಸ್ಸಿನಲ್ಲಿ ಕಳಿಸುತ್ತಾರಂತೆ. ಗಾಡಿಯನ್ನು ಬಿಚ್ಚಿ ಮಾರುವ ಶಿವಲಿಂಗನಿಗೆ ಕೊಟ್ಟುಬಿಡುತ್ತಾರಂತೆ.

ಕೊಡಲು ನಾನು ಬಿಡುವುದಿಲ್ಲ! ಅಪ್ಪ ಅದೇ ಗಾಡಿಯಲ್ಲಿ, ಅದೇ ರಸ್ತೆಯಲ್ಲಿ, ಎಲ್ಲೂ ನಿಲ್ಲದೆ, ನನ್ನನ್ನು ನಿಮ್ಮ ಬಾಗಿಲಿಗೆ ತಂದು ಬಿಡಬೇಕು. ನಾನು ನಿಶ್ಚಯಿಸಿಯಾಗಿದೆ. ನೀವಿದ್ದೀರಲ್ಲ ನನಗೆ! ಅವತ್ತು ಬಾನೆಟ್ ತೆಗೆದು, ಹುಬ್ಬು ಗಂಟಿಕ್ಕಿ, ನಿಮ್ಮ ಶಲ್ಯವನ್ನು ನೀರಲ್ಲಿ ಅದ್ದಿ ಎಂಜಿನ್ನಿನ ಮೇಲೆ ಹಾಕಿದಿರಿ, ತಾಸು ಬಿಟ್ಟು ಗಾಡಿ ಚಾಲೂ ಆಯಿತು. ನನ್ನ ಗಂಡ ಬ್ಯಾಂಕಿನಲ್ಲಿ ಮಾತ್ರವಲ್ಲ, ಬಾನೆಟ್ಟಿನಲ್ಲೂ ಜಾಣ ಎಂದು ನಾನು ಎಲ್ಲ ಗೆಳತಿಯರಿಗೂ ಹೇಳಿದ್ದೇನೆ. ಈಗ ಏನು ಮಾಡಲಿ, ಬರೆಯಿರಿ.

ನಿಮ್ಮ, ನಿಮ್ಮ, ನಿಮ್ಮ
ಸುಮೇಧಾ


ಕಮಲಾಪುರ
೩೦ ಜೂನ್ ೨೦೨೫

ಪ್ರಿಯ ಸುಮೇಧಾ,

ಪತ್ರ ತಲುಪಿತು. ಎಲ್ಲರೂ ಕ್ಷೇಮ.

ಗಾಡಿಯ ವಿಚಾರ. ಲಕ್ಷಣಗಳನ್ನು ನೋಡಿದರೆ ಕಾರ್ಬುರೇಟರ್ ಇರಬೇಕು. ಇಲ್ಲದಿದ್ದರೆ ಪ್ಲಗ್. ಇವೆರಡೂ ಅಲ್ಲವಾದರೆ ವೈರಿಂಗ್. ಯಾರಾದರೂ ಅನುಭವಸ್ಥರಿಗೆ ತೋರಿಸು, ನಾನು ಹೇಳಿದ್ದೆಂದು ಹೇಳುವ ಅವಶ್ಯಕತೆ ಇಲ್ಲ.

ಪಂಚಮಿಯ ನಂತರ ನೀನು ಬರುವ ಬಗ್ಗೆ ಅಜ್ಜಿ ಬೇರೆ ಏನೋ ಯೋಚಿಸುತ್ತಿದ್ದಾರೆ. ನೀನು ಚಿಂತಿಸಬೇಡ. ನಿನ್ನ ಪತ್ರಗಳನ್ನು ಅವರು ಕನ್ನಡಕ ಹಾಕಿಕೊಂಡು ಓದುತ್ತಾರೆ ಎಂಬುದನ್ನು ಮಾತ್ರ ಗಮನದಲ್ಲಿಡು. "ನಿಮ್ಮ" ಎಂದು ಮೂರು ಸಲ ಯಾಕೆ ಬರೆದಿದ್ದಾಳೆಂದು ಕೇಳಿದರು. ಪೆನ್ನು ಸರಿ ಬರೆಯುತ್ತಿರಲಿಲ್ಲವೇನೋ ಎಂದೆ.

ಇತಿ,
ಅತುಲ


ಶಹಾಬಜಾರ
೫ ಜುಲೈ ೨೦೨೫

ಪ್ರೀತಿಯ ಅತುಲ್ (ಮತ್ತು ಕನ್ನಡಕ ಹಾಕಿಕೊಂಡ ಅಜ್ಜಿಗೆ ನಮಸ್ಕಾರ),

ರಿಂಗ್ ರೋಡಿನ ನಬಿಸಾಬ್ ಮೇಸ್ತ್ರಿಯನ್ನು ಕರೆಸಿದೆ. ಅಪ್ಪ ಒಳಗೆ ಪೇಪರ್ ಹಿಡಿದು ಕೂತರು, ಆದರೆ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂತರು. ಪೇಪರ್ ತಲೆಕೆಳಗಿತ್ತು ಎಂದು ಆಯಿ ತನ್ನ ಗಂಡನ ಮೇಲೆ ಚಾಡಿ ಹೇಳುತ್ತಾಳೆ, ನಾನು ನೋಡಿಲ್ಲ.

ನಬಿಸಾಬ್ ಎಂಜಿನ್ನಿನ ಎಣ್ಣೆ ನೋಡುವ ಕಡ್ಡಿ ಎಳೆದು, ಮೂಸಿ, ನನಗೂ ಮೂಸಲು ಕೊಟ್ಟರು. ಎಣ್ಣೆಯಲ್ಲಿ ಪೆಟ್ರೋಲ್ ವಾಸನೆ! "ಪ್ಲಗ್ಗೂ ಅಲ್ಲ, ವೈರಿಂಗೂ ಅಲ್ಲವ್ವಾ. ಫ್ಯುಯೆಲ್ ಪಂಪ್ ಮುಗದದ. ಪಾಪ, ಇದಕ್ಕೂ ವಯಸ್ಸಾಗ್ಯದ, ನನಗೂ ಆಗ್ಯದ, ನಮ್ಮಿಬ್ಬರಿಗೂ ಬ್ಯಾಸಿಗ್ಯಾಗ ಉಸರ ಹತ್ತತದ" ಎಂದರು.

ಅತುಲ್, ಪಂಪು ಎಷ್ಟು ಮುದ್ದಾಗಿದೆ ಗೊತ್ತೇ? ನಿಮಗೆ ಗೊತ್ತೇ ಇರುತ್ತದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಎರಡು ದಿನದಿಂದ ನನಗೆ ಬೇರೆ ಏನೂ ತಲೆಯಲ್ಲಿಲ್ಲ. ಅಂಗೈ ಅಗಲದ ಲೋಹದ ಡಬ್ಬಿ, ಎಂಜಿನ್ನಿನ ಪಕ್ಕಕ್ಕೆ ಎರಡು ಬೋಲ್ಟಿನ ಮೇಲೆ ಕೂತಿರುತ್ತದೆ. ಚಮಚದ ಹಿಡಿಕೆಯಂಥ ಅದರ ಒಂದು ಕೈ ಎಂಜಿನ್ನಿನ ಒಳಗೆ ಚಾಚಿರುತ್ತದೆ. ಎಂಜಿನ್ ತಿರುಗಿದಂತೆ ಒಳಗಿನ ಒಂದು ಉಬ್ಬು ಆ ಕೈಯನ್ನು ಒತ್ತಿ ಒತ್ತಿ ಬಿಡುತ್ತದೆ. ಕೈ ಆಡಿದರೆ ಡಬ್ಬಿಯೊಳಗಿನ ಹಪ್ಪಳದಂಥ ಪೊರೆ ಮೇಲೆ ಕೆಳಗೆ ಆಗುತ್ತದೆ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಹೀರಿ ಮುಂದೆ ಕಳಿಸುತ್ತದೆ. ನಮ್ಮ ಪೊರೆ ಒಣಗಿ ಬಿರುಕು ಬಿಟ್ಟಿದೆ. ಕೈಯ ತುದಿ ಮಾತ್ರ ಇಷ್ಟು ವರ್ಷ ಉಜ್ಜಿ ಉಜ್ಜಿ ಅಜ್ಜಿಯ ಬಳೆಯ ಹಾಗೆ ಹೊಳೆಯುತ್ತದೆ.

ಹೊಸ ಪಂಪು ಕಲಬುರಗಿಯಲ್ಲಿ ಎಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಶಿವಲಿಂಗ ಬಂದು ಬಾಗಿಲುಗಳನ್ನು ತಟ್ಟಿ ತಟ್ಟಿ ನೋಡಿದ, ಕಲ್ಲಂಗಡಿ ಆರಿಸುವ ಹಾಗೆ. ನನಗೆ ಅವನನ್ನೇ ತಟ್ಟಬೇಕೆನಿಸಿತು.

ಪಂಪು ಹುಡುಕಿ ಕೊಡಿ, ನನ್ನ ಜಾಣ!
ಸುಮೇಧಾ


ಕಮಲಾಪುರ
೯ ಜುಲೈ ೨೦೨೫

ಪ್ರಿಯ ಸುಮೇಧಾ,

ಪಂಪ್ ಎಂದೇ ನನಗೂ ಮೊದಲಿನಿಂದ ಸಂಶಯವಿತ್ತು.

ಇಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಮಕ್ಸೂದ್ ಅವರ ಅಂಗಡಿಯಲ್ಲಿ ಒಂದು ಸಿಕ್ಕಿತು. "ಫ್ಯುಯೆಲ್ ಪಂಪ್ ಕೊಡ್ರಿ" ಎಂದೆ, ಕೊಟ್ಟರು. ಗಟ್ಟಿಮುಟ್ಟಾಗಿದೆ. ಮಾಪಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಕೆಂಪು ಬಾಳೆಹಣ್ಣಿನ ಗೊನೆ. ಹಣ್ಣಿನ ಮೇಲೆ ಪಂಪ್ ಇಡಬೇಡ ಎಂದು ಅವನಿಗೆ ಹೇಳಿದ್ದೇನೆ.

ಇತಿ,
ಅತುಲ


ಶಹಾಬಜಾರ
೧೩ ಜುಲೈ ೨೦೨೫

ಪ್ರೀತಿಯ ತುಂಟ ಅತುಲ್,

ಹಣ್ಣಿನ ಮೇಲೆ ಪಂಪ್ ಇಟ್ಟಿರಲಿಲ್ಲ. ಪಂಪಿನ ಮೇಲೆ ಮಾಪಣ್ಣನೇ ಕೂತಿದ್ದನಂತೆ. ಪಂಪಿಗೆ ಏನೂ ಆಗಿಲ್ಲ. ಮಾಪಣ್ಣ ಸ್ವಲ್ಪ ಕುಂಟುತ್ತಿದ್ದ.

ನಬಿಸಾಬ್ ಅದನ್ನು ಎರಡೂ ಕೈಯಿಂದ ಎತ್ತಿ ನೋಡಿ ಎಷ್ಟು ನಕ್ಕರೆಂದರೆ ಹಲ್ಲಿನ ಸೆಟ್ ಸರಿಪಡಿಸಿಕೊಳ್ಳಬೇಕಾಯಿತು. "ಇದು ಟ್ರ್ಯಾಕ್ಟರಿಂದು! ನಿಮ್ಮ ಯಜಮಾನರು ಫಿಯಟ್ಟಿಗೆ ಕುಂಟಿ ಕಟ್ಟಿ ಹೊಲಾ ಹರಗೋರೇನ್ರೀ?"

ನನಗೆ ಒಂದು ಕ್ಷಣ ಗಾಬರಿ. ಆಮೇಲೆ ಹೊಳೆಯಿತು. ನೀವು ನನ್ನನ್ನು ಪರೀಕ್ಷಿಸಲು ಬೇಕೆಂದೇ ತಪ್ಪು ಪಂಪು ಕಳಿಸಿದ್ದೀರಿ! ನನಗೆ ವ್ಯತ್ಯಾಸ ತಿಳಿಯುತ್ತದೋ ಇಲ್ಲವೋ ನೋಡಲು! ನಬಿಸಾಬ್‌ಗೂ ಹಾಗೇ ಹೇಳಿದೆ. ಅವರು ಬಹಳ ಹೊತ್ತು ಗಡ್ಡ ತುರಿಸಿಕೊಂಡು, "ಆಂ, ಹಂಗೂ ಇರಬಹುದು, ದೊಡ್ಡ ಮನಸಿನ ಹೆಣ್ಣುಮಗಳು ನೀವು" ಎಂದರು. ನಾನು ಪಾಸೋ?

ಒಳ್ಳೆಯ ಸುದ್ದಿ: ಹೈದರಾಬಾದಿನಲ್ಲಿ ನಬಿಸಾಬ್‌ರ ಅಳಿಯ ನದೀಮ್ ಇದ್ದಾನೆ. ಹಳೆಯ ಗಾಡಿಗಳ ಸಾಮಾನು ಅವನಿಗೆ ಸಿಗುತ್ತದಂತೆ. ಬಸ್ ಪಾರ್ಸಲ್ಲಿನಲ್ಲಿ ಕಳಿಸುತ್ತಾನೆ.

ಅಪ್ಪ ಇವತ್ತು ಜಮಖಾನೆಯ ಒಂದು ಮೂಲೆ ಎತ್ತಿ ನೋಡಿದರು. ಯಾರೂ ನೋಡಲಿಲ್ಲ ಎಂದುಕೊಂಡಿದ್ದಾರೆ.

ಫಸ್ಟ್ ಕ್ಲಾಸಿನಲ್ಲಿ ಪಾಸಾದ
ಸುಮೇಧಾ


ಕಮಲಾಪುರ
೧೬ ಜುಲೈ ೨೦೨೫

ಪ್ರಿಯ ಸುಮೇಧಾ,

ಹೌದು. ಪರೀಕ್ಷೆ. ಪಾಸು.

ಟ್ರ್ಯಾಕ್ಟರ್ ಪಂಪನ್ನು ವಾಪಸು ಕಳಿಸಿದರೆ ಮಕ್ಸೂದ್ ಅವರು ಬದಲಿಗೆ ಬೇರೇನಾದರೂ ಕೊಡುತ್ತಾರಂತೆ. ಮನೆಗೆ ಒಂದು ಬಕೀಟು ಬೇಕಿತ್ತು.

ಅತುಲ

ಸುಮೇಧಾಗ ಅಜ್ಜಿ ಚಂದ್ರಾಬಾಯಿಯ ಆಶೀರ್ವಾದ. ಇವನ ಪರೀಕ್ಷಾ ಗಿರೀಕ್ಷಾ ನಂಬಬ್ಯಾಡ. ಇವಗ ಸ್ಟೋವಿಗೆ ಪಿನ್ ಹಾಕಲಿಕ್ಕೂ ಬರಂಗಿಲ್ಲ. ಅವತ್ತ ಶಲ್ಯಾ ತೊಯಿಸಿದ್ದು ತನ್ನ ತಲಿಗೆ ಹಾಕ್ಕೋಳಿಕ್ಕೆ, ಬಿಸಲಿತ್ತು. ಮಂದಿ ನೋಡಿದ್ರು ಅಂತ ಎಂಜಿನ್ನಿನ ಮ್ಯಾಲ ಹಾಕಿದಾ. ನೀ ಬರೂದಕ್ಕ ನಾ ಬಿಳೀ ಬಾಡಿಗಿ ಗಾಡಿ ಹೇಳೀನಿ, ಏಸಿ ಅದ. ನಿಮ್ಮ ಅಪ್ಪಗ ತ್ರಾಸ ಬ್ಯಾಡ. ಬಾಳಿಹಣ್ಣು ತಿಂದ್ರೇನು?


ಶಹಾಬಜಾರ
೨೩ ಜುಲೈ ೨೦೨೫

ಅತುಲ್,

ಅಜ್ಜಿ ಬರೆದದ್ದನ್ನು ಓದಿದೆ. ಶಲ್ಯದ ವಿಷಯ ನಾನು ನಂಬುವುದಿಲ್ಲ. ನಂಬಿದರೂ ಗೆಳತಿಯರಿಗೆ ಹೇಳುವುದಿಲ್ಲ.

ಬಿಳಿ ಗಾಡಿಯ ವಿಷಯ ಅಪ್ಪನಿಗೆ ಹೇಳಬಾರದಿತ್ತು, ನಾನು ಹೇಳಿಬಿಟ್ಟೆ. "ಛಲೋ ಆತು. ಮಗಳಿಗೆ ಝಳಾ ಬಡಿಯಂಗಿಲ್ಲ" ಎಂದರು. ಊಟಕ್ಕೆ ಕೂತು, ಸಾರು ಹಾಕಿಸಿಕೊಳ್ಳದೆಯೇ ಎದ್ದರು.

ಆದರೂ ನಿನ್ನೆ ಬೆಳಿಗ್ಗೆ ಹೊಸ ಪಂಪು ಬಂತು. ಎಷ್ಟು ಚೆಂದ! ಆಯಿ ಅದನ್ನು ಮಣೆಯ ಮೇಲೆ ಕೂರಿಸಿ ಪೂಜೆ ಮಾಡಿದಳು. ಮೈಗೆಲ್ಲ ಅರಿಶಿನ ಕುಂಕುಮ. ಕೈಯ ತುದಿಗೂ ದಪ್ಪಗೆ ಕುಂಕುಮ ಹಚ್ಚಿ, "ಹೊಸಾ ಮುತ್ತೈದಿ ಇದ್ದಂಗ ಅದ" ಎಂದಳು.

ಪಂಪಿಗೂ ಎಂಜಿನ್ನಿಗೂ ನಡುವೆ ಎಣ್ಣೆ ಸೋರದಂತೆ ಗ್ಯಾಸ್ಕೆಟ್ ಎಂಬ ಕಾಗದದ ಬಿಲ್ಲೆ ಇರುತ್ತದೆ. ಹಳೆಯದು ಹರಿಯಿತು. ನಬಿಸಾಬ್ ದಪ್ಪ ಕಾರ್ಡು ಕೇಳಿದರು, ಅದರಲ್ಲೇ ಕತ್ತರಿಸುತ್ತಾರಂತೆ. ನಮ್ಮ ಲಗ್ನಪತ್ರಿಕೆ ಕೊಟ್ಟೆ! ನಿಮ್ಮ ಕಡೆಯದು, ಅಜ್ಜಿ ಆರಿಸಿದ್ದು, ಚಕ್ಕುಲಿಯಷ್ಟು ಗಟ್ಟಿ. ಕತ್ತರಿ ಹಾಕುವಾಗ ಮನೆಯಲ್ಲಿ ಗದ್ದಲ. ಗಣಪತಿ ಇರುವ ಕಡೆ ಕತ್ತರಿಸಬಾರದು ಎಂದರು ಅಪ್ಪ. ಒಳಗಿನಿಂದಲೇ. ಅತುಲ, ಸುಮೇಧಾ ಎಂಬ ಎರಡು ಹೆಸರಿನ ನಡುವೆ ತೂತು ಬೀಳಬಾರದು ಎಂದಳು ಆಯಿ. ಕೊನೆಗೆ ನಾನೇ ಉಪಾಯ ಕಂಡೆ. ಎರಡೂ ಹೆಸರು ಒಂದರ ಮೇಲೊಂದು ಕೂಡುವಂತೆ ಕಾರ್ಡನ್ನು ಮಡಚಿ, ಜೋಡಿಯಾಗಿ ಕತ್ತರಿಸಿದೆ. ನಾವಿಬ್ಬರೂ ಒಟ್ಟಿಗೆ, ಬೋಲ್ಟು ಬಿಗಿದು! ನಬಿಸಾಬ್ ಏನೋ ಗೊಣಗಿದರು, ಆಯಿ ಚಹಾ ಕೊಟ್ಟಳು, ಸುಮ್ಮನಾದರು.

ಗಾಡಿ ಚಾಲೂ ಆಗಲಿಲ್ಲ.

ಬ್ಯಾಟರಿ ಸೋಲುವವರೆಗೆ ಕೀ ತಿರುಗಿಸಿದೆವು. ಒಂದು ಹನಿ ಪೆಟ್ರೋಲ್ ಮುಂದೆ ಬರಲಿಲ್ಲ. ನಬಿಸಾಬ್ ಪೆಟ್ರೋಲೇ ಖರಾಬು ಎಂದರು. ಹೊಸ ಪೆಟ್ರೋಲ್ ತಂದೆವು. ಆಮೇಲೆ ಪೈಪು ಎಂದರು. ಪೈಪು ಊದಿದೆವು. ಆಮೇಲೆ ಅವರು ಸಾಮಾನುಗಳನ್ನು ಒರೆಸಿ ಚೀಲಕ್ಕೆ ಹಾಕಿದರು.

ಅಪ್ಪ ಹೊರಗೆ ಬಂದು ನನ್ನ ತಲೆ ಸವರಿದರು. "ಸಾಕವ್ವಾ. ವಯಸ್ಸಾದವರು ಎಲ್ಲೆರೆ ನಿಲ್ಲತಾರ, ಅದಕ್ಕ ಯಾರೂ ಏನೂ ಮಾಡಲಿಕ್ಕಾಗಂಗಿಲ್ಲ" ಎಂದರು. ಶಿವಲಿಂಗನಿಗೆ ಫೋನ್ ಮಾಡಿದ್ದಾರೆ. ನಾಳೆ ಅಮಾವಾಸ್ಯೆ, ಶುಕ್ರವಾರ ಮನೆಯಿಂದ ಏನೂ ಕೊಡಬಾರದು, ಶನಿವಾರ ಕಬ್ಬಿಣ ಒಯ್ಯಬಾರದು, ಆದ್ದರಿಂದ ರವಿವಾರ ಬರುತ್ತಾನೆ.

ಇವತ್ತು ಹೆಚ್ಚು ಬರೆಯಲಾರೆ.

ಸುಮೇಧಾ


ಕಮಲಾಪುರ
೨೫ ಜುಲೈ ೨೦೨೫

ನನ್ನ ಸುಮೇಧಾ,

ಇವತ್ತಿನಿಂದ ಶ್ರಾವಣ. ಫೋನ್ ಮಾಡಬಹುದು, ಅಜ್ಜಿಯೂ ಹೂಂ ಅಂದಿದ್ದಾರೆ. ಆದರೆ ಫೋನಿನಲ್ಲಿ ನೀನು ಅಳುತ್ತೀ, ನನಗೆ ಮಾತು ತೋಚುವುದಿಲ್ಲ. ಬರೆಯುವಾಗ ಯೋಚಿಸಲು ಹೊತ್ತು ಸಿಗುತ್ತದೆ. ಮಾಪಣ್ಣನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡೇ ಬರೆಯುತ್ತಿದ್ದೇನೆ.

ಗಾಡಿಯ ಬಗ್ಗೆ ಇನ್ನು ನಾನು ಸಲಹೆ ಕೊಡುವುದಿಲ್ಲ. ನಮ್ಮಲ್ಲಿ ಬಕೀಟು ಬಂದಿದೆ, ಸಾಕು. ಬ್ಯಾಂಕಿನಲ್ಲಿ ನಾವು ಏನು ಮಾಡುತ್ತೇವೆಂದು ಮಾತ್ರ ಹೇಳುತ್ತೇನೆ. ಸಂಜೆ ಎಲ್ಲವೂ ತಾಳೆಯಾಗದಿದ್ದರೆ ಹಳೆಯದನ್ನೆಲ್ಲ ಕೆದಕುವುದಿಲ್ಲ. ಅವತ್ತು ಹೊಸದಾಗಿ ಏನು ಸೇರಿತು ಎಂದು ಮೊದಲು ನೋಡುತ್ತೇವೆ. ನಿಮ್ಮ ಗಾಡಿಯಲ್ಲಿ ಹೊಸದಾಗಿ ಸೇರಿದ್ದು ಯಾವುದು? ಶಿವಲಿಂಗ ಬರುವ ಮುನ್ನ ಅದನ್ನೊಮ್ಮೆ ಬಿಚ್ಚಿ ನೋಡು.

ನಿನ್ನ ಕೊನೆಯ ಪತ್ರದಲ್ಲಿ ಸಹಿಯ ಮೇಲೆ "ನಿಮ್ಮ" ಎಂದು ಒಂದು ಸಲವೂ ಇರಲಿಲ್ಲ. ಅಜ್ಜಿಯೂ ಅದನ್ನೇ ಕೇಳಿದರು.

ನಿನ್ನ, ನಿನ್ನ, ನಿನ್ನ
ಅತುಲ


ಶಹಾಬಜಾರ
೨೮ ಜುಲೈ ೨೦೨೫

ನನ್ನ ಪ್ರೀತಿಯ, ಜಾಣ, ಸ್ಟೋವಿಗೆ ಪಿನ್ ಹಾಕಲು ಬಾರದ ಅತುಲ್!!

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಉಗುರಿನೊಳಗೆ ಗ್ರೀಸಿದೆ, ನಾಲ್ಕನೆಯ ಸಲ ಸೋಪು ಹಾಕಿದರೂ ಹೋಗುತ್ತಿಲ್ಲ, ಹೋಗದಿದ್ದರೂ ಸರಿ.

ನಿನ್ನೆ ಬೆಳಿಗ್ಗೆ ಶಿವಲಿಂಗ ಹಗ್ಗ, ಜೀಪು ಎರಡನ್ನೂ ತಂದು ಗಲ್ಲಿಯ ಬಾಯಲ್ಲಿ ನಿಂತಿದ್ದ. ನಾನು ನಿಮ್ಮ ಪತ್ರ ಹಿಡಿದು ನಬಿಸಾಬ್‌ಗೆ, "ಹೊಸದಾಗಿ ಸೇರಿದ್ದನ್ನ ಬಿಚ್ಚರಿ" ಎಂದೆ. "ಹೊಸಾ ಪಂಪಿನ್ಯಾಗ ಏನ್ ದೋಷ ಇರತದವ್ವಾ, ನದೀಮ್ ಕಳಿಸ್ಯಾನ" ಎಂದು ಅವರು ಮುನಿಸಿಕೊಂಡರು. ಬೋಲ್ಟು ಬಿಚ್ಚುವ ಪಾನಾ ನಾನೇ ಹಿಡಿದೆ. ಕೊನೆಗೆ ತಡೆಯಲಾರದೆ ಅವರೇ ಬಿಚ್ಚಿದರು.

ಪಂಪು ಹೊರಗೆ ಬಂತು. ಆಯಿ ಇಣುಕಿ ನೋಡಿ ಚಪ್ಪಾಳೆ ತಟ್ಟಿದಳು. "ಅಯ್ಯ ನೋಡ್ರಿ! ಕೈಗೆ ಹಚ್ಚಿದ ಕುಂಕುಮ ಹಂಗೇ ಅದ! ಒಂದ ಚೂರೂ ಅಳಿಸಿಲ್ಲ! ಎಂಥಾ ಶುಭ!"

ನಾನೂ ನೋಡಿದೆ. ಎಣ್ಣೆಯಲ್ಲಿ ತೊಯ್ದಿದ್ದರೂ ಕುಂಕುಮ ದಪ್ಪಗೆ ಹಾಗೇ ಕೂತಿತ್ತು. ಆಗ ನನಗೆ ಹಳೆಯ ಪಂಪಿನ ಕೈ ನೆನಪಾಯಿತು, ಬಳೆಯ ಹಾಗೆ ಉಜ್ಜಿ ಹೊಳೆಯುತ್ತಿದ್ದದ್ದು. "ಆಯಿ, ಅಳಿಸಬೇಕಿತ್ತು!" ಎಂದು ಚೀರಿದೆ. ಎಂಜಿನ್ನಿನ ಉಬ್ಬು ಈ ಕೈಯನ್ನು ಮುಟ್ಟೇ ಇಲ್ಲ! ಮುಟ್ಟಿದ್ದರೆ ಮೊದಲ ಸುತ್ತಿನಲ್ಲೇ ಕುಂಕುಮ ಉಜ್ಜಿ ಹೋಗುತ್ತಿತ್ತು. ನಬಿಸಾಬ್ ಹಣೆ ಚಚ್ಚಿಕೊಂಡರು. "ನಿಮ್ಮ ಜೋಡಿ ಕಾರ್ಡು! ಡಬಲ್ ಆಗಿ ಪಂಪು ಹೊರಗ ಸರದದ. ಕೈ ಹೆಂಗ ಮುಟ್ಟಬೇಕ್ರೀ? ನಾ ಅವತ್ತ ಹೇಳಬೇಕಂದೆ, ನೀವು ಚಹಾ ಕೊಟ್ರಿ."

ಅಂದರೆ ಅತುಲ್, ನಮ್ಮಿಬ್ಬರನ್ನು ಒಂದಾಗಿಡಲು ಹೋಗಿ ಪಾಪದ ಪಂಪನ್ನು ಎಂಜಿನ್ನಿನಿಂದ ಅಗಲಿಸಿಬಿಟ್ಟಿದ್ದೆ!

ಆಯಿ ಮಾತ್ರ ಒಪ್ಪಲಿಲ್ಲ. "ಹೊಸದಾಗಿ ಲಗ್ನಾದ ಹುಡುಗಿ ಮುಂದ ಕುಂಕುಮ ಅಳಿಸಬೇಕು ಅಂತೀರಲ್ಲ, ನಿಮಗ ನಾಲಿಗಿ ಹ್ಯಾಂಗ ಹೊಳ್ಳತದ?" ನಬಿಸಾಬ್ ಎಷ್ಟು ಹೇಳಿದರೂ ಕೇಳಳು. ಶಿವಲಿಂಗ ಹಗ್ಗ ಹಿಡಿದು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದ. ಆಗ ಅಪ್ಪ ಹೊರಗೆ ಬಂದರು. ಎರಡು ತಿಂಗಳಿನಿಂದ ಗಾಡಿಯ ಗೊಡವೆಗೇ ಬಾರದ ನನ್ನ ಅಪ್ಪ, ವೀಳ್ಯದೆಲೆ ತಂದು ಆಯಿಯ ಕೈಗಿಟ್ಟು, "ನೀನೇ ತಗದು ಇವಳ ಹಣಿಗೆ ಹಚ್ಚು. ಅಳಿಸಿದಂಗ ಆಗಂಗಿಲ್ಲ, ಜಾಗಾ ಬದಲಾದಂಗ ಆಗತದ" ಎಂದರು. ನನ್ನ ಹಣೆಯ ಮೇಲೆ ಎಂಜಿನ್ ಆಯಿಲಿನ ಕುಂಕುಮ ಮೂಗಿನವರೆಗೂ ಇಳಿಯಿತು. ನನಗೆ ಅಂಥ ಅಲಂಕಾರ ಮದುವೆಯಲ್ಲೂ ಆಗಿರಲಿಲ್ಲ!

ಇನ್ನು ಒಂಟಿ ಗ್ಯಾಸ್ಕೆಟ್. ಗಣಪತಿಯೂ ಇಲ್ಲದ, ನಮ್ಮ ಹೆಸರೂ ಇಲ್ಲದ ಜಾಗ ಬೇಕಿತ್ತು. ಕಾರ್ಡಿನ ಅಡಿಯಲ್ಲಿ ಒಂದೇ ಸಾಲು ಉಳಿದಿತ್ತು. ಅದನ್ನೇ ಕತ್ತರಿಸಿದೆವು. ಯಾವ ಸಾಲು ಎಂದು ಹೇಳಲಾರೆ, ಅಜ್ಜಿ ಓದುತ್ತಾರೆ. ಹೇಳಿಬಿಡುತ್ತೇನೆ: "ತಮ್ಮ ಸುಖಾಗಮನವನ್ನು ಬಯಸುವ ಶ್ರೀಮತಿ ಚಂದ್ರಾಬಾಯಿ, ಕಮಲಾಪುರ." ಅಜ್ಜಿ, ಕ್ಷಮಿಸಿ. ಈಗ ನಿಮ್ಮ ಹೆಸರು ಆ ಡಬ್ಬಿಯ ಎದೆಗೇ ಅಂಟಿಕೊಂಡು ಕೂತಿದೆ.

ಅಪ್ಪ ಕೀ ತಿರುಗಿಸಿದರು. ಒಂದು ಸಲ ಕೆಮ್ಮಿತು. ಎರಡನೆಯ ಸಲಕ್ಕೆ ಗಲ್ಲಿಯ ಪಾರಿವಾಳಗಳೆಲ್ಲ ಎದ್ದವು! ಅಪ್ಪ ಕೋಟನೂರಿನವರೆಗೆ ಹೋಗಿ ಬಂದರು. ಪಕ್ಕದ ಸೀಟಿನಲ್ಲಿ ಶಿವಲಿಂಗ, ಮಡಿಲಲ್ಲಿ ಹಗ್ಗದ ಸುರುಳಿ. ದಾರಿಯುದ್ದಕ್ಕೂ ಅಪ್ಪ ಅವನಿಗೆ ಪಂಪಿನ ಬಗ್ಗೆ ಪಾಠ ಮಾಡಿದರಂತೆ.

ಆದರೆ ಬಿಳಿ ಗಾಡಿ ಬಂದರೆ ಅಪ್ಪ ಮಾತಾಡದೆ ನನ್ನನ್ನು ಅದರಲ್ಲಿ ಕೂರಿಸುತ್ತಾರೆ. ಅದು ನನಗೆ ಗೊತ್ತು. ಅಜ್ಜಿಯನ್ನು ನಾನು ಕೇಳಲಾರೆ. ನೀವು ಕೇಳುವಿರಾ? ಕ್ಯಾಲೆಂಡರ್ ನೋಡದೆ?

ನಿಮ್ಮ (ಎಷ್ಟು ಸಲ ಎಂದು ಎಣಿಸಬೇಡಿ)
ಸುಮೇಧಾ


ಮಹಾಗಾಂವ ಕ್ರಾಸ್
೩೧ ಜುಲೈ ೨೦೨೫, ಮಧ್ಯಾಹ್ನ

ಅತುಲ್,

ಗಾಬರಿಯಾಗಬೇಡಿ. ಗಾಡಿ ನಿಂತಿಲ್ಲ, ನಾವು ನಿಲ್ಲಿಸಿದ್ದೇವೆ!

ನಿಮ್ಮಿಂದ ಉತ್ತರ ಬರಲಿಲ್ಲ. ಬಿಳಿ ಗಾಡಿಯೂ ಬರಲಿಲ್ಲ. ಬೆಳಗಿನಿಂದ ದಾರಿ ನೋಡಿ, ಕೊನೆಗೆ ಅಪ್ಪ ಕೋಟು ಹಾಕಿಕೊಂಡು, "ಬಾಗಿಲ ತನಕ ಬಿಟ್ಟು ಹೊಳ್ಳಿ ಬರ್ತೀನಿ, ಅಂಗಳಾ ಏರಂಗಿಲ್ಲ" ಎಂದು ಹೊರಟರು. ಗಾಡಿ ಹೇಗೆ ಓಡಿತೆಂದರೆ ನಾವು ಬಹಳ ಬೇಗ ಬಂದುಬಿಟ್ಟೆವು. ಈಗ ನೇರ ಬಂದರೆ ರಾಹುಕಾಲದಲ್ಲಿ ನಿಮ್ಮ ಹೊಸ್ತಿಲು ದಾಟಬೇಕು! ಮೇ ತಿಂಗಳಲ್ಲಿ ತಡ, ಈಗ ಮುಂಚೆ. ಮೂರು ಗಂಟೆಯವರೆಗೆ ಇಲ್ಲೇ ಕಾಯುವುದು ಎಂದು ಆಯಿ ಪಂಚಮಿ ಉಂಡಿಯ ಡಬ್ಬಿ ಅಪ್ಪಿಕೊಂಡು ಕೂತಿದ್ದಾಳೆ.

ಅದೇ ಜಾಗ, ಅದೇ ಬೇವಿನ ಮರ. ಊರವರು ಸುತ್ತ ಸೇರಿ, "ಮತ್ತ ಬಂದ್ ಬಿತ್ತೇನ್ರೀ?" ಎಂದು ಕೇಳುತ್ತಿದ್ದಾರೆ. ಅದಕ್ಕೇ ಅಪ್ಪ ಎಂಜಿನ್ ಬಂದ್ ಮಾಡಲು ಒಪ್ಪುತ್ತಿಲ್ಲ. ಚಾಲೂ ಇಟ್ಟುಕೊಂಡೇ ಸ್ಟೇರಿಂಗ್ ಹಿಡಿದು ಕೂತಿದ್ದಾರೆ. ಫೋನ್ ಮಾಡಿದರೆ ಅಜ್ಜಿ ಅಲ್ಲಿಂದಲೇ ಬೇಡ ಎಂದುಬಿಟ್ಟಾರು, ಅದಕ್ಕೇ ಇದನ್ನು ಮಾಪಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಜ್ಜಿಗೆ ಹೇಗೆ ಹೇಳುತ್ತೀರೋ ಹೇಳಿ.

ಸುಮೇಧಾ


ಕಮಲಾಪುರ
ಅವತ್ತೇ

ಸುಮೇಧಾ, ಅಜ್ಜಿ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಕ್ಯಾಲೆಂಡರ್ ನೋಡದೆಯೇ ಕೇಳಿದ್ದೆ. ಉತ್ತರ ಕೊಡದೆ ಅವರು ನನ್ನನ್ನು ಮೂರು ದಿನ ಕಾಯಿಸಿದರು. ಇನ್ನು ಅವರ ಮಾತು:

"ಬಾಡಿಗಿ ಗಾಡಿಯವಗ ನಾ ಸೋಮವಾರನೇ ಬ್ಯಾಡಂತ ಹೇಳೀನಿ. ಸುಖಾಗಮನ ಬಯಸೀನಿ ಅಂತ ಅಚ್ಚ ಹಾಕಿಸಿ, ಬರೋ ಗಾಡಿಗೆ ಬ್ಯಾಡ ಅಂದ್ರ ನನ್ನ ಹೆಸರಿಗೆ ಏನ್ ಕಿಮ್ಮತ್ತು? ನಿಮ್ಮ ಅಪ್ಪ ಜಯತೀರ್ಥಗ ಹೇಳು, ಬಾಗಿಲಾಗ ಬಿಟ್ಟು ಹೋಗೂದು ನಡಿಯಂಗಿಲ್ಲ, ಗಾಡಿ ಅಂಗಳದಾಗ ತುಳಸಿಕಟ್ಟಿ ಮಗ್ಗಲಾ ನಿಲ್ಲಬೇಕು, ಊಟಾ ಮಾಡೇ ಹೋಗಬೇಕು.

"ನಾ ಈಗ ಮಾಪಣ್ಣನ ಟೆಂಪೋದಾಗ ಅಲ್ಲಿಗೇ ಬರಲಿಕತ್ತೀನಿ. ಟೆಂಪೋಕ್ಕ ರಾಹುಕಾಲ ಹತ್ತಂಗಿಲ್ಲ. ಅತುಲ ಮನ್ಯಾಗ ಹಾಲು ನೋಡ್ತಾನ. ಬಾಗಲಕ್ಕ ಬಂದಮ್ಯಾಲ ಮೊದಲ ನಾ ಇಳದು ಒಳಗಿಂದ ಆರತಿ ತರ್ತೀನಿ, ಅಲ್ಲಿ ತನಕಾ ನೀ ಕೂತಿರು. ಹಿಂದಿನ ಸೀಟಿನ್ಯಾಗ ಕಿಡಕಿ ಕಡೆ ಜಾಗಾ ಖಾಲಿ ಇಡ್ರಿ. ಎಂಜಿನ್ ಬಂದ್ ಮಾಡಬ್ಯಾಡ್ರಿ. ಲಗ್ನದ ದಿನದ್ದು ನನ್ನ ಅರ್ಧಾ ಸವಾರಿ ಇನ್ನೂ ಉಳದದ."